ಎರಡು ಗ್ರಾಂ ಸಮಾಧಾನ

ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಮುಂಚಿಗಿಂತ ಸುಮಾರು ಶೇಕಡಾ ಏಳರಷ್ಟು ಹೆಚ್ಚು ನೀರನ್ನು ಒಡಲಲ್ಲಿ ಇಟ್ಟುಕೊಳ್ಳಬಲ್ಲದು. ಆ ನೀರನ್ನು ಅದು ಯಾರನ್ನೂ ಕೇಳಿ ಪಡೆಯುವುದಿಲ್ಲ. ಮಣ್ಣಿನಿಂದ, ಎಲೆಯಿಂದ, ನಿಮ್ಮ ನಾಲಿಗೆಯಿಂದ, ಸತ್ತು ಬಿದ್ದ ಕಡ್ಡಿಯಿಂದಲೂ ಹೀರಿಕೊಳ್ಳುತ್ತದೆ. ಕಲ್ಲಿದ್ದಲು ಸುಟ್ಟು, ಎಣ್ಣೆ ಸುಟ್ಟು ಗಾಳಿಯನ್ನು ಬಿಸಿ ಮಾಡಿದವರು ನಾವು. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಸುಮ್ಮನಿದ್ದರೆ ಅದು ಬೇರೆ ಮಾತು, ಅದಕ್ಕೆ ಕೊನೆಯಲ್ಲಿ ಬರೋಣ.

ಇದೇ ಸಂಗತಿಯನ್ನು ಪುಸ್ತಕ ಮುಟ್ಟದೆ, ಕೈಯಲ್ಲಿ ಹಿಡಿದು ತಿಳಿದುಕೊಂಡ ಹೆಂಗಸೊಬ್ಬಳಿದ್ದಾಳೆ. ಕಾಡಿನ ಅಂಚಿನ ಗುಡ್ಡದ ಮೇಲೆ ಒಂದು ಕಬ್ಬಿಣದ ಗೋಪುರವಿದೆ. ಎಂಬತ್ನಾಲ್ಕು ಮೆಟ್ಟಿಲು. ತುದಿಯಲ್ಲಿ ನಾಲ್ಕೂ ಕಡೆ ಗಾಜಿರುವ, ನಾಲ್ಕು ಹೆಜ್ಜೆಗೆ ಮುಗಿದುಹೋಗುವ ಕೋಣೆ. ಒಳಗೆ ದುಂಡು ನಕ್ಷೆ ಅಂಟಿಸಿದ ಮೇಜು, ದುರ್ಬೀನು, ವೈರ್‌ಲೆಸ್, ಕೂತರೆ ಕಿರುಗುಟ್ಟುವ ಕುರ್ಚಿ. ಕಾಡಿನಲ್ಲಿ ಹೊಗೆ ಎದ್ದರೆ ಮೊದಲು ಕಾಣಬೇಕಾದದ್ದು ಆಕೆಯ ಕಣ್ಣಿಗೆ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಆದರೆ ಊರಿಗೆಲ್ಲ ಆಕೆ ಹೆಸರಾದದ್ದು ಕಣ್ಣಿನಿಂದಲ್ಲ, ತಕ್ಕಡಿಯಿಂದ. ಎಲ್ಲರೂ ಕರೆಯುವುದೇ ತೂಕದಕ್ಕ ಎಂದು.

ಗೋಪುರದ ಬುಡದಲ್ಲಿ ಬೇಲಿ ಹಾಕಿದ ಒಂದು ತುಂಡು ನೆಲವಿದೆ. ಅಲ್ಲಿ ತಂತಿಯ ಎರಡು ಕವೆಗಳ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ನಾಲ್ಕು ಮರದ ಕಡ್ಡಿಗಳು ಮಲಗಿರುತ್ತವೆ. ಬೆರಳು ಗಾತ್ರದ, ಒಂದಕ್ಕೊಂದು ಮೊಳೆಯಿಂದ ಸೇರಿಸಿದ ಸಾದಾ ಕಡ್ಡಿಗಳು. ಕಾವಿನ ಪೆಟ್ಟಿಗೆಯಲ್ಲಿಟ್ಟು ಒಂದು ಹನಿಯೂ ಉಳಿಯದಂತೆ ಒಣಗಿಸಿದಾಗ ನಾಲ್ಕೂ ಸೇರಿ ಸರಿಯಾಗಿ ನೂರು ಗ್ರಾಂ ತೂಗುವ ಹಾಗೆ ಕತ್ತರಿಸಿರುತ್ತಾರೆ. ಆಮೇಲೆ ಬಿಸಿಲಿಗೆ, ಮಂಜಿಗೆ, ಗಾಳಿಗೆ ಬಿಟ್ಟುಬಿಡುತ್ತಾರೆ. ದಿನವೂ ಅವನ್ನು ತೂಗಬೇಕು. ನೂರ ಹತ್ತು ಬಂದರೆ ಕಾಡಿನಲ್ಲಿ ಬಿದ್ದ ಒಣ ಕಟ್ಟಿಗೆಯಲ್ಲಿ ಪ್ರತಿ ನೂರು ಗ್ರಾಮಿಗೆ ಹತ್ತು ಗ್ರಾಂ ನೀರಿದೆ ಎಂದು ಅರ್ಥ, ಬೆಂಕಿ ತೆವಳುತ್ತದೆ. ನೂರ ಆರು ಬಂದರೆ ನಡೆಯುತ್ತದೆ. ಅದಕ್ಕಿಂತ ಕೆಳಗೆ ಓಡುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಆಕೆಗೆ ಇದು ಹುಚ್ಚಾಟದಂತೆ ಕಂಡಿತ್ತು. ಬೆಳಗ್ಗೆ ತೂಗಿದಳು: ನೂರ ಹದಿನಾಲ್ಕು. ಮಧ್ಯಾಹ್ನ ಕುತೂಹಲಕ್ಕೆ ಮತ್ತೆ ತೂಗಿದಳು: ನೂರ ಒಂಬತ್ತು. ಮರುದಿನ ಬೆಳಗ್ಗೆ ಮತ್ತೆ ನೂರ ಹದಿಮೂರು. ಯಾರೂ ಮುಟ್ಟಿಲ್ಲ, ಮಳೆ ಬಂದಿಲ್ಲ. ಮರದಿಂದ ಕಡಿದು ಎಷ್ಟೋ ಕಾಲವಾದ ಕಡ್ಡಿ, ಇರುಳೆಲ್ಲ ಗಾಳಿಯ ತೇವವನ್ನು ಕುಡಿದು ಹಗಲು ಬಿಟ್ಟುಕೊಡುತ್ತಿತ್ತು. ಉಸಿರಾಡುತ್ತಿತ್ತು! ಆಕೆ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದು ನೋಡಿದಳು. ಎದುರಿನ ಇಳಿಜಾರಿನಲ್ಲಿ ಬಿದ್ದಿರುವ ಲಕ್ಷಾಂತರ ರೆಂಬೆ, ತೊಗಟೆ, ತರಗೆಲೆ ಎಲ್ಲವೂ ಹೀಗೆಯೇ ಒಟ್ಟಿಗೆ ಭಾರವಾಗಿ, ಒಟ್ಟಿಗೆ ಹಗುರಾಗುತ್ತಿದೆಯಲ್ಲ ಎಂದು ಹೊಳೆದಾಗ ಮೈ ಜುಮ್ಮೆಂದಿತು. ಆ ಜುಮ್ಮೆನ್ನುವಿಕೆ ಇಪ್ಪತ್ತಾರು ವರ್ಷವೂ ಹೋಗಿಲ್ಲ.

ಗಂಡ ಕೆಳಗೆ ಊರಿನಲ್ಲಿ ದರ್ಜಿ. ತಕ್ಕಡಿಗೆ ಧೂಳು ಕೂರದಿರಲೆಂದು ದಪ್ಪ ಬಟ್ಟೆಯ ಚೀಲ ಹೊಲಿದುಕೊಟ್ಟವನು ಅವನೇ. ಅಂಗಡಿಗೆ ಬಂದವರೆದುರು, "ನಾನು ಹತ್ತು ಕೆಜಿ ಇಳಿದೆ, ನನ್ನ ಹೆಂಡ್ತಿಗೆ ಗೊತ್ತೇ ಆಗ್ಲಿಲ್ಲ. ಕಡ್ಡಿ ಒಂದು ಗ್ರಾಂ ಇಳಿದ್ರೆ ಊಟ ಬಿಡ್ತಾಳೆ" ಎನ್ನುತ್ತಾನೆ. ಆಕೆಗೂ ಒಳಗೊಳಗೇ ಹೆಮ್ಮೆ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಪ್ಪು ಅಂಕಿ ಕೊಟ್ಟವಳಲ್ಲ.

ಹಾಗಂತ ಅಂದುಕೊಂಡಿದ್ದಳು.

ಈ ಅಂಕಿಗಳಿಂದ ಆಗುವ ಕೆಲಸವೇನು? ಬೇಸಿಗೆಗೆ ಮುಂಚೆ, ತಣ್ಣಗಿರುವ ವಾರಗಳಲ್ಲಿ, ಅರಣ್ಯ ಇಲಾಖೆಯವರೇ ಕಾಡಂಚಿನ ಒಣ ಕಸಕ್ಕೆ ಹದವಾಗಿ ಬೆಂಕಿ ಇಟ್ಟು ಬೋಳು ಪಟ್ಟಿ ಮಾಡುತ್ತಾರೆ. ಬೇಸಿಗೆಯ ಕಾಳ್ಗಿಚ್ಚು ಆ ಬೋಳಿಗೆ ಬಂದು, ತಿನ್ನಲು ಏನೂ ಸಿಗದೆ ಸಾಯಬೇಕು. ಬೆಂಕಿ ರೇಖೆ ಎನ್ನುತ್ತಾರೆ. ಕಡ್ಡಿ ನೂರ ಆರು ತೂಗಿದರೆ ಹಚ್ಚಬಹುದು, ಕಡಿಮೆಯಾದರೆ ಬೆಂಕಿಪೊಟ್ಟಣ ಜೇಬಿನಿಂದ ತೆಗೆಯುವಂತಿಲ್ಲ. ಆಕೆ ಸೇರಿದ ಕಾಲಕ್ಕೆ ಹಚ್ಚಲು ಆರು ವಾರ ಸಿಗುತ್ತಿತ್ತು. ಚಳಿಗೆ ಕಂಬಳಿ ಹೊದ್ದು ಹಚ್ಚುತ್ತಿದ್ದರು. ಆರು ನಾಲ್ಕಾಯಿತು, ನಾಲ್ಕು ಎರಡಾಯಿತು. ಹೋದ ವರ್ಷ ಎಲ್ಲ ಸೇರಿ ಒಂಬತ್ತೇ ದಿನ. ಬಿಸಿಲು ತಣ್ಣನೆಯ ತಿಂಗಳುಗಳ ಒಳಕ್ಕೂ ಕಾಲು ಚಾಚಿತ್ತು. ಕೆಲಸ ಮಾತ್ರ ಅಷ್ಟೇ, ಸುಡಬೇಕಾದ ಪಟ್ಟಿ ಅಷ್ಟೇ ಉದ್ದ. ಕಚೇರಿಯ ಗೋಡೆಯ ಮೇಲಿನ ವೇಳಾಪಟ್ಟಿಯೂ ಮೂವತ್ತು ವರ್ಷದ ಹಿಂದಿನದೇ.

ಆಕೆ ಅಂಕಿ ತುಂಬುವ ಹಾಳೆಯೂ ಆ ಕಾಲದ್ದೇ. ಮೇಲೆ ನೂರ ಮೂವತ್ತರಿಂದ ಶುರುವಾಗಿ ಕೆಳಗೆ ನೂರ ನಾಲ್ಕಕ್ಕೆ ಗೆರೆ ಮುಗಿಯುತ್ತದೆ. ಅಚ್ಚು ಹಾಕಿಸಿದವರು ಅದಕ್ಕಿಂತ ಒಣಗಿದ ಕಟ್ಟಿಗೆಯನ್ನು ಈ ಗುಡ್ಡದಲ್ಲಿ ಕಂಡಿರಲಿಲ್ಲ. ಎರಡು ಬೇಸಿಗೆಯ ಹಿಂದೆ ಒಂದು ಮಧ್ಯಾಹ್ನ ಕಡ್ಡಿ ನೂರ ಮೂರು ತೂಗಿತು. ಎಲ್ಲಿ ಬರೆಯುವುದು? ಕಚೇರಿಗೆ ಕೇಳಿದಳು.

"ಅಮ್ಮಾ, ನೂರ ಮೂರು ಬರೋಕೆ ಸಾಧ್ಯನೇ ಇಲ್ಲ," ಎಂದರು ಅಧಿಕಾರಿ. ಒಳ್ಳೆಯ ಮನುಷ್ಯ, ಗದರುವವರಲ್ಲ. "ಕಡ್ಡಿ ಹಳೇದಾಗಿದೆ. ಬಿಸಿಲಿಗೆ ಸವೆದು ಮರನೇ ಹಗುರಾಗಿರತ್ತೆ. ಎರಡು ಗ್ರಾಂ ಸೇರಿಸಿ ಬರೀರಿ. ಹೊಸಾದಕ್ಕೆ ಕಾಗದ ಹಾಕ್ತೀನಿ."

ಕಡ್ಡಿ ಹಳತಾದರೆ ಸವೆಯುವುದು ನಿಜವೇ. ಆಕೆ ಒಪ್ಪಿದಳು. ಅಂದಿನಿಂದ ಬಂದ ತೂಕಕ್ಕೆ ಎರಡು ಸೇರಿಸಿ ಬರೆದಳು. ಹೊಸ ಕಡ್ಡಿ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಎರಡು, ತಲೆಯಿಂದ ಕೈಗೆ ಇಳಿದು ಅಲ್ಲೇ ಮನೆ ಮಾಡಿತ್ತು.

ಹೊಸ ಕಡ್ಡಿಗಳು ಬಂದ ದಿನ ಆಕೆಗೆ ಮನೆಗೆ ಸೊಸೆ ಬಂದಷ್ಟು ಸಂಭ್ರಮ. ಬೆಣ್ಣೆಯ ಬಣ್ಣದ ಮರ, ಮೂಸಿದರೆ ಅಂಟಿನ ಪರಿಮಳ. ಕವೆಯ ಮೇಲೆ ಮಲಗಿಸಿದಳು. ಹಳೆಯವು ಇಲಿಯ ಬೆನ್ನಿನ ಹಾಗೆ ಬೂದಿ ಬಣ್ಣಕ್ಕೆ ತಿರುಗಿದ್ದವು. ಎಸೆಯಲು ಮನಸ್ಸು ಬರದೆ ಗೋಪುರದ ಮೇಲಕ್ಕೆ ಹೊತ್ತು ತಂದು ಮೂಲೆಯಲ್ಲಿಟ್ಟಳು. ಮರುದಿನ ಹೊಸ ಕಡ್ಡಿ ತೂಗಿದಳು. ಎರಡು ಸೇರಿಸಿ ಬರೆದಳು. ಅದರ ಮರುದಿನವೂ.

ಹೀಗೆ ಹನ್ನೆರಡು ದಿನ.

ಹದಿಮೂರನೆಯ ದಿನ ಪಟ್ಟಿ ಸುಡುವ ಕೆಲಸ. ಎದುರಿನ ಇಳಿಜಾರಿನ ಬುಡದ ಮಣ್ಣು ರಸ್ತೆಯಲ್ಲಿ ಒಂಬತ್ತು ಜನ ಹಳದಿ ಟೊಪ್ಪಿ ಹಾಕಿ ನಿಂತಿದ್ದರು. ಅವರ ಮೇಸ್ತ್ರಿ ಆಕೆಯ ಒಡಹುಟ್ಟಿದ ತಮ್ಮ. ತಾಯಿ ಬೇಗ ಹೋದಾಗ ಆಕೆಯೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಈಗ ಐವತ್ತು ದಾಟಿದ್ದಾನೆ, ಮೊಮ್ಮಗಳಿದ್ದಾಳೆ, ವೈರ್‌ಲೆಸ್ಸಿನಲ್ಲಿ ಮಾತ್ರ ಇನ್ನೂ ಅದೇ ತುಂಟ.

"ಏನಕ್ಕಾ, ನಿನ್ನ ಕಡ್ಡಿ ಮಹಾರಾಜರು ಅಪ್ಪಣೆ ಕೊಟ್ರಾ?"

ಒಂಬತ್ತು ಗಂಟೆಗೆ ತೂಗಿದಾಗ ಮುಳ್ಳು ನೂರ ನಾಲ್ಕಕ್ಕೆ ನಿಂತಿತ್ತು. ಕೈ ತನ್ನಷ್ಟಕ್ಕೆ ಎರಡು ಸೇರಿಸಿತು. "ನೂರ ಆರು," ಎಂದಳು. "ಗಡಿ ಮೇಲಿದೆ ಕಣೋ, ಹುಷಾರು."

"ನಿನ್ನ ಬಾಯಲ್ಲಿ ಹುಷಾರು ಕೇಳದೇ ಇದ್ರೆ ನಂಗೆ ತಿಂಡಿ ಜೀರ್ಣ ಆಗಲ್ಲ," ಎಂದು ಅವನು ನಕ್ಕ.

ಹನ್ನೊಂದರ ಹೊತ್ತಿಗೆ ಕೋಣೆ ಕಾದ ಹೆಂಚಾಗಿತ್ತು. ಉಷ್ಣಮಾಪಕ ಮೂವತ್ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. ಕಂಬಳಿ ಹೊದೆಯುತ್ತಿದ್ದ ತಿಂಗಳಲ್ಲಿ ಮೂವತ್ತೊಂಬತ್ತು! ಗಾಜಿನ ಕಿಟಕಿಯನ್ನು ಮೇಲೆತ್ತಿದಳು. ಅದನ್ನು ಹಿಡಿದು ನಿಲ್ಲಿಸುವ ಕೊಕ್ಕೆ ಮುರಿದು ಎಷ್ಟೋ ದಿನವಾಗಿತ್ತು. ಆಸರೆ ಕೊಡಲು ಏನಾದರೂ ಬೇಕೆಂದು ಮೂಲೆಗೆ ಕೈ ಚಾಚಿದಳು. ಕೈಗೆ ಸಿಕ್ಕಿದ್ದು ಹಳೆಯ ಕಡ್ಡಿ.

ಬೂದಿ ಬಣ್ಣದ ಕಡ್ಡಿ. ಕಿಟಕಿಗೆ ಕೊಟ್ಟಳು. ಎರಡು ಹೆಜ್ಜೆ ಹಿಂದೆ ಬಂದಳು. ಮತ್ತೆ ನೋಡಿದಳು.

ಹಳೆಯದು ಇಲ್ಲಿದೆ. ಹಾಗಾದರೆ ನಾನು ಹನ್ನೆರಡು ದಿನದಿಂದ ಎರಡು ಗ್ರಾಂ ಸೇರಿಸಿದ್ದು ಯಾವುದಕ್ಕೆ?

ದುರ್ಬೀನು ಎತ್ತಿದಳು. ರಸ್ತೆಯ ಬಲತುದಿಯಲ್ಲಿ ನೀರಿನ ಟ್ಯಾಂಕರು. ಅದರಿಂದ ಎಡಕ್ಕೆ ಹಳದಿ ಚುಕ್ಕೆಗಳು ಸಾಲಾಗಿ ಸರಿಯುತ್ತಿದ್ದವು. ಮೊದಲನೆಯವನ ಕೈಯ ಪಂಜಿನಿಂದ ಉರಿ ಹುಲ್ಲಿಗೆ ತೊಟ್ಟಿಕ್ಕುತ್ತಿತ್ತು.

ವೈರ್‌ಲೆಸ್ ಎಲ್ಲರದೂ ಒಂದೇ. ಅಧಿಕಾರಿ ಕೇಳುತ್ತಾರೆ, ಪಕ್ಕದ ಗುಡ್ಡಗಳ ಎರಡು ಗೋಪುರದವರು ಕೇಳುತ್ತಾರೆ, ಒಂಬತ್ತು ಜನವೂ ಕೇಳುತ್ತಾರೆ. ಗಾಳಿ ತಿರುಗುತ್ತಿದೆ, ನಿಲ್ಲಿಸಿ ಎಂದು ಸುಳ್ಳು ಹೇಳಬಹುದು ಅಂತ ಒಂದು ಕ್ಷಣ ಮನಸ್ಸಿಗೆ ಬಂತು. ಮಾನ ಉಳಿಯುತ್ತಿತ್ತು. ಆದರೆ ಗಾಳಿ ಅಳೆಯುವ ಯಂತ್ರ ಅಧಿಕಾರಿಯ ಜೀಪಿನಲ್ಲೂ ಇತ್ತು. ಅವರು ಇಲ್ಲ ಎಂದರೆ ಕೆಲಸ ಮುಂದುವರಿಯುತ್ತದೆ. ಅವರನ್ನು ನಿಲ್ಲಿಸುವ ಶಕ್ತಿ ಇದ್ದದ್ದು ಆಕೆಯ ಅಂಕಿಗೆ ಮಾತ್ರ.

"ತಮ್ಮಾ, ನಿಲ್ಲಿಸು. ಹಚ್ಚಬೇಡ."

"ಹಚ್ಚಿ ಆಯ್ತಲ್ಲಕ್ಕ. ಹತ್ತು ಹೆಜ್ಜೆ ಬಂದಿದೀವಿ."

"ನೂರ ಆರಲ್ಲ ಕಣೋ. ನೂರ ನಾಲ್ಕು. ಅದೂ ಒಂಬತ್ತು ಗಂಟೆದು, ಈಗ ಇನ್ನೂ ಇಳಿದಿರತ್ತೆ. ಹೊಸ ಕಡ್ಡಿಗೆ ಹಳೇದರ ಎರಡು ಸೇರಿಸ್ತಾ ಬಂದಿದೀನಿ. ಹನ್ನೆರಡು ದಿನದಿಂದ. ತಪ್ಪು ನಂದು."

ವೈರ್‌ಲೆಸ್ ಗೊರಗುಟ್ಟಿತು. ಅಧಿಕಾರಿಯ ದನಿ: "ಅಮ್ಮಾ, ತಮಾಷೆ ಮಾಡ್ತಿದೀರಾ?"

"ಇಪ್ಪತ್ತಾರು ವರ್ಷದಲ್ಲಿ ನಾನು ಇದರಲ್ಲಿ ನಕ್ಕಿದ್ದು ಕೇಳಿದೀರಾ ಸಾರ್?"

"ಎರಡು ಗ್ರಾಂ ತಾನೇ? ಇವತ್ತು ಬಿಟ್ರೆ ಮತ್ತೆ ದಿನ ಸಿಗಲ್ಲ. ಎರಡು ಗ್ರಾಮಿಗೆ ಏನಾಗ್ಬಿಡತ್ತೆ?"

ತಮ್ಮ ನಡುವೆ ಬಾಯಿ ಹಾಕಿದ. "ಸಾರ್, ನೀವು ಮಾತಾಡ್ತಾ ಇರಿ. ನಾನು ಇವರನ್ನ ಕರ್ಕೊಂಡು ಹೊರಡ್ತೀನಿ. ನಮ್ಮಕ್ಕ ತಪ್ಪು ನಂದು ಅಂದಿದ್ದು ಹುಟ್ಟಿದಾಗಿಂದ ಇದೇ ಮೊದಲು. ಇದು ಸಣ್ಣ ವಿಷಯ ಇರಲ್ಲ."

ಎರಡು ಗ್ರಾಮಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಷ್ಟರಲ್ಲಿ ಗುಡ್ಡವೇ ಉತ್ತರ ಕೊಡಲು ಶುರು ಮಾಡಿತ್ತು.

ಹತ್ತು ಹೆಜ್ಜೆ ಉದ್ದದ, ಮೊಣಕಾಲೆತ್ತರದ ಉರಿ. ಹದವಿದ್ದ ದಿನಗಳಲ್ಲಿ ಅದು ಬೆಕ್ಕಿನ ಹಾಗೆ ಹುಲ್ಲಿನಲ್ಲಿ ಸುಳಿದಾಡಿ ಮಧ್ಯಾಹ್ನಕ್ಕೆ ಮಲಗಿಬಿಡುತ್ತಿತ್ತು. ಇವತ್ತು ಅದು ತಲೆ ಎತ್ತಿ ಒಮ್ಮೆ ಸುತ್ತ ನೋಡಿದಂತೆ ನಿಂತಿತು. ಆಮೇಲೆ ಮರದ ಕಾಂಡದಿಂದ ಜೋತ ತೊಗಟೆಯ ಪಟ್ಟಿಯನ್ನು ಹಿಡಿದು, ಏಣಿ ಹತ್ತುವವನ ಹಾಗೆ ಸರಸರ ಮೇಲಕ್ಕೆ ಹೋಗಿ ನೆತ್ತಿ ಮುಟ್ಟಿತು. ಒಂದು ಮರ. ಮೂರು. ಎಣಿಸುವುದನ್ನು ಆಕೆ ಬಿಟ್ಟಳು. ಇಡೀ ಇಳಿಜಾರು ಒಂದೇ ಉಸಿರು ಎಳೆದುಕೊಂಡಿತು. ಹೌದು, ಎಳೆದುಕೊಂಡಿತು: ಗೋಪುರದ ಕಿಟಕಿಯಿಂದ ಹಾಳೆಗಳು ಹಾರಿ ಬೆಂಕಿಯ ಕಡೆಗೆ ಹೋದವು. ಬೆಂಕಿ ತನಗೆ ಬೇಕಾದ ಗಾಳಿಯನ್ನು ತಾನೇ ತರಿಸಿಕೊಳ್ಳುತ್ತಿತ್ತು. ಸದ್ದು ತಡವಾಗಿ ಬಂತು, ದೂರದ ರೈಲಿನಂತೆ. ಆ ರೈಲು ಎಷ್ಟು ಹೊತ್ತಾದರೂ ದಾಟಿ ಹೋಗಲೇ ಇಲ್ಲ.

ಹೆದರಿಕೆಗೂ ಒಂದು ಆಚೆದಡವಿದೆ. ಆಕೆ ಅಲ್ಲಿ ನಿಂತಿದ್ದಳು. ಜೀವಮಾನವಿಡೀ ಗ್ರಾಂ ಲೆಕ್ಕದಲ್ಲಿ ತೂಗಿದ್ದ ಉಸಿರು ಈಗ ಕಣ್ಣೆದುರು ಒಟ್ಟಿಗೆ ಹೊರಗೆ ಬರುತ್ತಿತ್ತು. ಕೈ ಮುಗಿಯಬೇಕೋ, ಕಣ್ಣು ಮುಚ್ಚಬೇಕೋ ತಿಳಿಯದಷ್ಟು ದೊಡ್ಡದು. ಆದರೆ ಕೈಯಲ್ಲಿ ದುರ್ಬೀನಿತ್ತು, ದುರ್ಬೀನಿನಲ್ಲಿ ತಮ್ಮನಿದ್ದ.

ಒಂಬತ್ತು ಜನ ಟ್ಯಾಂಕರಿನ ಕಡೆ ಓಡುತ್ತಿದ್ದರು. ಉರಿಯುವ ತೊಗಟೆಯ ತುಂಡೊಂದು ಅವರ ತಲೆಯ ಮೇಲಿಂದ ಹಕ್ಕಿಯಂತೆ ಹಾರಿ, ರಸ್ತೆ ದಾಟಿ, ಟ್ಯಾಂಕರಿಗೂ ಅವರಿಗೂ ನಡುವೆ ಕೆಳಗಿನ ಹುಲ್ಲಿನಲ್ಲಿ ಇಳಿದದ್ದು ಅವರಿಗೆ ಕಾಣಲಿಲ್ಲ. ಆಕೆಗೆ ಕಂಡಿತು.

"ಟ್ಯಾಂಕರು ಬೇಡ! ಅಲ್ಲಿ ಕೆಳಗಿಂದ ಹತ್ತಿಕೊಂಡಿದೆ. ತಿರುಗು. ಎಡಕ್ಕೆ, ಹಳೇ ಕಲ್ಲುಗಣಿಗೆ. ಅಲ್ಲಿ ಸುಡೋಕೆ ಏನೂ ಇಲ್ಲ."

"ಹೊಗೆ ಅಕ್ಕಾ, ರಸ್ತೆನೇ ಕಾಣ್ತಿಲ್ಲ."

"ನಂಗೆ ಕಾಣ್ತಿದೆ. ನೇರ ಬಾ. ಇನ್ನೂ ನೇರ. ಬಲಕ್ಕೆ ಬರಬೇಡ... ಹಾಂ, ಅದೇ ಮೋರಿ. ದಾಟು. ಈಗ ಎಡಕ್ಕೆ ಇಳಿ."

ಟ್ಯಾಂಕರಿನ ಚಾಲಕ ಆಗಲೇ ಗಾಡಿ ತಿರುಗಿಸಿಕೊಂಡು ಊರಿನ ಕಡೆ ಹೋಗಿದ್ದ. ಹೊಗೆ ರಸ್ತೆಯನ್ನು ನುಂಗಿತು. ಎಷ್ಟು ಹೊತ್ತೆಂದು ಆಕೆಗೆ ಹೇಳಲು ಬರುವುದಿಲ್ಲ, ಗಡಿಯಾರ ನೋಡಲಿಲ್ಲ. ಆಮೇಲೆ ಗಣಿಯ ಬಿಳಿಯ ಕಲ್ಲಿನ ಮೇಲೆ ಒಂದೊಂದೇ ಹಳದಿ ಟೊಪ್ಪಿ ಮೂಡಿತು. ಒಂದು, ಎರಡು, ಐದು, ಏಳು. ಎಂಟು.

ಎಂಟೇ.

ಮತ್ತೆ ಎಣಿಸಿದಳು. ಎಂಟು. ವೈರ್‌ಲೆಸ್ಸಿನ ಗುಂಡಿಗೆ ಕೈ ಹಾಕಿದಳು.

"ಅಕ್ಕಾ," ಎಂದಿತು ವೈರ್‌ಲೆಸ್, ಕೆಮ್ಮುತ್ತಾ. "ಎಲ್ಲಾ ಬಂದಿದೀವಿ."

"ಎಂಟು ಟೊಪ್ಪಿ ಕಾಣ್ತಿದೆ ಕಣೋ!"

"ನಂದು ತೆಗೆದಿದೀನಿ. ಹೊಂಡದಲ್ಲಿ ನೀರಿತ್ತು, ಟೊಪ್ಪೀಲಿ ಮೊಗೆದು ಹುಡುಗರ ಮೇಲೆ ಹಾಕ್ತಿದೀನಿ."

"ಟೊಪ್ಪಿ ಹಾಕ್ಕೋ ಕತ್ತೆ," ಎಂದಳು. ಅಷ್ಟು ಹೇಳಿ ಕಿರುಗುಟ್ಟುವ ಕುರ್ಚಿಯ ಮೇಲೆ ಕುಸಿದಳು.

ಮೂರು ಗಂಟೆಗೆ ಹೊಗೆ ಮುಗಿಲಾಗಿತ್ತು. ಹೂಕೋಸಿನಂಥ ಬೆಳ್ಳನೆಯ ತಲೆ, ಕೆಳಗೆ ಕಡುಗಂದು ಕಾಂಡ, ಒಳಗೆ ಕೆಂಪು. ಕಾಡಿನ ನೀರೆಲ್ಲ ಅಲ್ಲಿ ಮೇಲೆ ನಿಂತಿತ್ತು, ಒಂದು ಹನಿಯೂ ಕೆಳಗೆ ಬೀಳದೆ. ಆಕೆ ಮೆಟ್ಟಿಲಿಳಿದು ಕಡ್ಡಿಗಳನ್ನು ತೂಗಿದಳು. ನೂರ ಎರಡು. ಹಾಳೆಯ ಕೆಳಗಿನ ಕೊನೆಯ ಗೆರೆಯ ಕೆಳಗೆ, ಅಡಿಕೋಲು ಇಟ್ಟು ತಾನೇ ಎರಡು ಗೆರೆ ಎಳೆದಳು. ಎರಡನೆಯದರ ಮೇಲೆ ಚುಕ್ಕೆ ಇಟ್ಟಳು.

ಬೆಂಕಿ ನಾಲ್ಕು ದಿನ ಓಡಿ ಹೊಳೆಯ ದಂಡೆಯಲ್ಲಿ ನಿಂತಿತು. ಮನುಷ್ಯರು ಸಾಯಲಿಲ್ಲ. ಉಳಿದ ಜೀವಗಳನ್ನು ಯಾರೂ ಎಣಿಸಲಿಲ್ಲ. ತಮ್ಮನ ಹುಬ್ಬು ಸುಟ್ಟುಹೋಗಿ ಮುಖ ಸಿಪ್ಪೆ ಸುಲಿದ ಮೊಟ್ಟೆಯಂತಾಗಿತ್ತು. ಅವನ ಮೊಮ್ಮಗಳು ಕಾಡಿಗೆಯಲ್ಲಿ ಹುಬ್ಬು ಬರೆದುಕೊಟ್ಟಳಂತೆ, ಒಂದು ಮೇಲೆ ಒಂದು ಕೆಳಗೆ. "ಅಕ್ಕನ ತಕ್ಕಡಿ ಥರ ಇದೆ," ಎಂದು ಹೇಳಿಕೊಂಡು ತಿರುಗಿದ.

ಐದನೆಯ ದಿನ ಅಧಿಕಾರಿ ಎಂಬತ್ನಾಲ್ಕು ಮೆಟ್ಟಿಲು ಹತ್ತಿ ಬಂದರು. ಏದುಸಿರು ಇಳಿಯುವ ತನಕ ಕಿಟಕಿಯಾಚೆ ನೋಡುತ್ತಿದ್ದರು. ಅತ್ತ ಕಪ್ಪು, ಬರೀ ಕಪ್ಪು.

"ಅಮ್ಮಾ, ನಿಮಗೆ ಇನ್ನು ಒಂದು ವರ್ಷ ಸೇವೆ ಇದೆ. ತೂಕದ ಪುಸ್ತಕದಲ್ಲಿ ನೂರ ಆರು ಅಂತಲೇ ಇದೆಯಲ್ಲ, ಹಾಗೇ ಬಿಡಿ. ಇದ್ದಕ್ಕಿದ್ದಂತೆ ಗಾಳಿ ಎದ್ದಿತು ಅಂತ ಬರೆಯೋಣ. ನಿಮಗೂ ಒಳ್ಳೇದು, ನನಗೂ ಒಳ್ಳೇದು."

"ಕಾಡಿಗೆ ಸಾರ್?"

ಆಕೆ ಪುಸ್ತಕ ತೆಗೆದು ತೋರಿಸಿದಳು. ಹನ್ನೆರಡು ದಿನದ ಅಂಕಿಗಳನ್ನೂ ಹದಿಮೂರನೆಯದನ್ನೂ ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ನಿಜವಾದ ತೂಕ ಬರೆದು, ಪ್ರತಿ ಸಾಲಿಗೂ ಸಹಿ ಹಾಕಿದ್ದಳು. ಕೆಳಗೆ: "ತಪ್ಪು ನನ್ನದು."

"ಇನ್ನೊಂದು ಇದೆ, ಕೆಳಗೆ ಬನ್ನಿ," ಎಂದಳು.

ಬೇಲಿಯೊಳಗೆ ಕವೆಯ ಮೇಲೆ ಈಗ ಎರಡು ಜೊತೆ ಮಲಗಿದ್ದವು, ಬೆಣ್ಣೆ ಬಣ್ಣದ್ದು, ಪಕ್ಕದಲ್ಲೇ ಬೂದಿ ಬಣ್ಣದ್ದು. ಬೆಂಕಿಯ ಮರುದಿನವೇ ಕಿಟಕಿಗೆ ಆಸರೆ ಕೊಟ್ಟಿದ್ದ ಹಳೆಯವನ್ನು ಬಿಡಿಸಿ ತಂದು ಮಲಗಿಸಿದ್ದಳು. ಅಧಿಕಾರಿಯ ಮುಂದೆ ಹೊಸದನ್ನು ತೂಗಿದಳು: ನೂರ ಮೂರು. ಹಳೆಯದನ್ನು ತೂಗಿದಳು: ನೂರ ಎರಡೂವರೆ.

"ನಾಲ್ಕು ದಿನದಿಂದ ಇಷ್ಟೇ. ಅರ್ಧ ಗ್ರಾಂ. ಹಳೇದು ಸವೆದಿದ್ದು ಬರೀ ಅರ್ಧ ಗ್ರಾಂ, ಸಾರ್."

ಅಧಿಕಾರಿ ತಕ್ಕಡಿಯನ್ನೇ ನೋಡಿದರು. ಮಾತಿನ ಅರ್ಥ ನಿಧಾನಕ್ಕೆ ಅವರ ಮುಖದ ಮೇಲೆ ಇಳಿಯಿತು. ಎರಡು ವರ್ಷದ ಹಿಂದೆ ನೂರ ಮೂರು ತೂಗಿದ ಕಡ್ಡಿ ಹೆಚ್ಚುಕಡಿಮೆ ನಿಜವನ್ನೇ ಹೇಳಿತ್ತು. ಗುಡ್ಡ ಅಂದೇ ಅಷ್ಟು ಒಣಗಿತ್ತು. ಎರಡು ಗ್ರಾಮನ್ನು ಅವರು ಸೇರಿಸಿದ್ದು ಮರಕ್ಕಲ್ಲ, ತಮ್ಮ ಸಮಾಧಾನಕ್ಕೆ. ಆಕೆ ಒಪ್ಪಿದ್ದೂ ಅದಕ್ಕೇ.

"ನಾನು ಕೇಳಬೇಕಿತ್ತು. ಎರಡೇ ಯಾಕೆ ಅಂತ," ಎಂದಳು ತೂಕದಕ್ಕ. "ಕೇಳಲಿಲ್ಲ. ನಂಗೂ ಆ ಅಂಕಿ ನೋಡೋಕೆ ಇಷ್ಟ ಇರಲಿಲ್ಲ."

ಅಧಿಕಾರಿ ಆ ಪುಸ್ತಕವನ್ನು ಹಾಗೆಯೇ ಮೇಲಕ್ಕೆ ಕಳಿಸಿದರು. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ ಎಂದೆನಲ್ಲ. ಮೇಲಿನವರು ಏನು ಮಾಡಿದರೆಂದು ಈ ತನಕ ತಿಳಿದಿಲ್ಲ. ಹೊಸ ಹಾಳೆ ಅಚ್ಚಾಗಿಲ್ಲ. ಆಕೆ ಈಗಲೂ ಅಡಿಕೋಲು ಹಿಡಿದು ಕೆಳಗಿನ ಗೆರೆಗಳನ್ನು ತಾನೇ ಎಳೆಯುತ್ತಾಳೆ. ಬೆಳಗಿನ ತೂಕಕ್ಕೂ ಮಧ್ಯಾಹ್ನದ ತೂಕಕ್ಕೂ ನಡುವೆ ಕಡ್ಡಿ ಬಿಟ್ಟ ಉಸಿರನ್ನು ಕಂಡು ಇಂದಿಗೂ ಬೆರಗಾಗುತ್ತಾಳೆ.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಊರಿನಲ್ಲೂ ಒಂದು ಕಚೇರಿಯಿದೆ, ಅಲ್ಲಿ ಒಂದು ಹಾಳೆಯಿದೆ, ಹಾಳೆಯಲ್ಲಿ "ಇಷ್ಟರ ತನಕ ಭಯವಿಲ್ಲ" ಎಂಬ ಅಂಕಿಯಿದೆ. ಬಿಸಿಲಲ್ಲಿ ಎಷ್ಟು ಹೊತ್ತು ದುಡಿಸಬಹುದು, ಶಾಲೆಯ ತಗಡಿನ ಮಾಡಿನಡಿ ಮಕ್ಕಳನ್ನು ಎಷ್ಟು ಹೊತ್ತು ಕೂರಿಸಬಹುದು, ಗುಡ್ಡಕ್ಕೆ ಯಾವ ದಿನ ಬೆಂಕಿ ಇಡಬಹುದು. ನಾಳೆ ಬೆಳಗ್ಗೆ ಅಲ್ಲಿಗೆ ಹೋಗಿ. ಆ ಹಾಳೆಯನ್ನು ಮೇಜಿನ ಮೇಲೆ ಇಡಿಸಿ. ಈ ಅಂಕಿಯನ್ನು ಯಾವ ವರ್ಷದ ಗಾಳಿಯಲ್ಲಿ ಅಳೆದಿರಿ, ಅದಕ್ಕೆ ಯಾರ ಸಮಾಧಾನಕ್ಕೆ ಎಷ್ಟು ಸೇರಿಸಿದಿರಿ ಎಂದು ಕೇಳಿ. ಬರೆದು, ಸಹಿ ಹಾಕಿ ಕೊಡುವ ತನಕ ಕುರ್ಚಿ ಬಿಟ್ಟು ಏಳಬೇಡಿ.